ನವಮಿಯ ದಿನ ಕಂಪ್ಯೂಟರಿಗೆ ಸಿಗದ ಹತಾರ

ನಮ್ಮ ಸೊಸೆ ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿದವಳೇ ಅಲ್ಲ. ಅಂಥವಳು ಮಹಾನವಮಿಯ ಮುಂಜಾನೆ "ಅತ್ತೀ!" ಎಂದು ಒದರಿದಾಗ ನನ್ನ ಕೈಯಲ್ಲಿದ್ದ ಹೂವಿನ ಬುಟ್ಟಿ ಜಾರಿ ದೇವರ ಮನೆಯ ಹೊಸ್ತಿಲ ಮೇಲೆ ಬಿತ್ತು. ಹಾವೇ ಬಂತು ಅಂದುಕೊಂಡೆ. ಓಡಿ ಹೋಗಿ ನೋಡಿದರೆ ಹಾವೂ ಇಲ್ಲ, ಚೇಳೂ ಇಲ್ಲ. ಕಂಪ್ಯೂಟರಿನ ಮುಂದೆ ಕುರ್ಚಿಯ ತುದಿಗೆ ಕುಳಿತಿದ್ದಳು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

"ಏನಾತ ನನ್ನವ್ವಾ?"

"ನಿನ್ನಿ ಸಂಜಿಕ ಎಲ್ಲಾ ಬರೋಬರಿ ನಡದಿತ್ರಿ ಅತ್ತಿ. ಈಗ ನೋಡಿದ್ರ, ಅಂಥಾದ್ದು ನಾ ಕಂಡs ಇಲ್ಲ ಅನ್ನಾಕತ್ತೈತಿ."

ಹನ್ನೊಂದು ಗಂಟೆಗೆ ಕೊಲ್ಹಾಪುರದ ಒಂದು ಆಫೀಸಿನ ಸಾಹೇಬರು ವಿಡಿಯೋದಲ್ಲಿ ಬರುವವರಿದ್ದರು. ತಾನು ಬರೆದ ಪ್ರೋಗ್ರಾಮನ್ನು ಅವರ ಕಣ್ಣೆದುರು ನಡೆಸಿ ತೋರಿಸಬೇಕು. ಅದು ಸರಿ ಬಂದರೆ ಮನೆಯಲ್ಲೇ ಕುಳಿತು ಮಾಡುವ ನೌಕರಿ. ದಿಗ್ಗೇವಾಡಿಯ ತವರುಮನೆಯಲ್ಲಿದ್ದಾಗ ಆಸೆಪಟ್ಟು ಕಲಿತ ವಿದ್ಯೆ ಅದು. ಲಗ್ನವಾಗಿ ನಮ್ಮ ಕಾಗವಾಡದ ಕಡೆಗೆ ಬಂದ ಮೇಲೆ ಟ್ರಂಕಿನಲ್ಲಿಟ್ಟ ಸೀರೆಯ ಹಾಗೆ ಮಡಿಕೆ ಬಿಚ್ಚದೆ ಉಳಿದಿತ್ತು. ಎಷ್ಟೋ ಕಡೆ ಅರ್ಜಿ ಹಾಕಿದ್ದಳು, ಕರೆದವರು ಇವರೊಬ್ಬರೇ. ಹಬ್ಬ ಮುಗಿದ ಮೇಲೆ ಇಟ್ಟುಕೊಳ್ಳಿ ಎಂದು ಕೇಳಿ ನೋಡಿದ್ದಳು. ತಮ್ಮಲ್ಲಿ ದಸರೆಗೆ ಮಾತ್ರ ಸೂಟಿ, ನವಮಿಗಿಲ್ಲ, ಅಂದು ಆಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದಿದ್ದರಂತೆ.

ಪರದೆಯ ಮೇಲೆ ಒಂದು ಕರಿಯ ಕಿಟಕಿ, ಅದರಲ್ಲಿ ಬಿಳಿ ಅಕ್ಷರ. ಅವಳು ಎಷ್ಟು ಸಲ ಬರೆದು ಒತ್ತಿದರೂ ಅದು ಅದನ್ನೇ ಹೇಳುತ್ತಿತ್ತು. ಆಮೇಲೆ ಸೆಟ್ಟಿಂಗಿನ ಒಳಗೊಳಗೆ ಹೋಗಿ ಏನೋ ಒಂದು ಯಾದಿ ತೆಗೆದಳು. ಒಂದೊಂದು ಸಾಲೂ ಮನೆಯ ವಿಳಾಸದ ಹಾಗಿತ್ತು: ಈ ಡ್ರೈವ್, ಅದರೊಳಗೆ ಈ ಫೋಲ್ಡರ್, ಅದರೊಳಗೆ ಮತ್ತೊಂದು.

"ಇದಕ್ಕ ಪಾತ್ ಅಂತಾರ್ರಿ. ನಾ ಒಂದ್ ಹೆಸರು ಹೇಳಿದ್ನಂದ್ರ ಇದರಾಗ ಬರದಿದ್ದ ಜಾಗಾ ಒಂದೊಂದs ನೋಡ್ಕೋಂತ ಹೋಗತೈತಿ. ಸಿಕ್ರ ಸಿಕ್ತು, ಇಲ್ಲಾಂದ್ರ ಇಲ್ಲ ಅಂತೈತಿ."

"ಉಳಿದ ಕಡೆ ಹುಡುಕೂದs ಇಲ್ಲೇನ?"

"ಇಲ್ರಿ. ಹೇಳಿದಲ್ಲೆ ಅಷ್ಟs."

ಜಗತ್ತಿನ ಸುದ್ದಿಯನ್ನೆಲ್ಲ ಹೇಳುವ ಯಂತ್ರ ಇದು! ನನ್ನ ಅಡಿಗೆಮನೆಯಲ್ಲಿ ಸಾಸಿವೆ ಡಬ್ಬಿ ಒಂದು ಗೇಣು ಆಚೆ ಸರಿದಿದ್ದರೆ ಕೈ ತಾನಾಗಿ ಹುಡುಕಿಕೊಳ್ಳುತ್ತದೆ. ಇದಕ್ಕೆ ಅಷ್ಟೂ ಕಾಳಜಿ ಇಲ್ಲವೆಂದರೆ!

ಸೊಸೆ ಡಿ ಡ್ರೈವ್ ತೆಗೆದಳು. ಯಾದಿ ಹೇಳುತ್ತಿದ್ದ ಜಾಗದಲ್ಲಿ ಅವಳ 'ಟೂಲ್ಸ್' ಎಂಬ ಫೋಲ್ಡರೇ ಇರಲಿಲ್ಲ. ಅದರ ಬದಲು ಯಾರೋ ಹೊಸದೊಂದನ್ನು ಮಾಡಿ, ಅದಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ 'ದೇವರು' ಎಂದು ಹೆಸರಿಟ್ಟಿದ್ದರು.

"ಇದನ್ನ ನೀವ್ ಮಾಡೀರೇನ್ರಿ ಅತ್ತಿ?"

"ನಾನ್ಯಾಕ್ ಮಾಡ್ಲಿ ಯವ್ವಾ? ನನಗ ಅದನ್ನ ಚಾಲೂ ಮಾಡಾಕೂ ಬರಂಗಿಲ್ಲ."

ತೆರೆದು ನೋಡಿದಳು. ಒಳಗೆ ಅವಳ ಟೂಲ್ಸ್ ಸುರಕ್ಷಿತವಾಗಿ ಕುಳಿತಿತ್ತು. ಅದರ ಪಕ್ಕದಲ್ಲಿ ನಮ್ಮ ಮನೆದೇವರ ಫೋಟೋ. ಇದು ಯಾರ ಕೈಕೆಲಸ ಎಂದು ಹೇಳಬೇಕಾಗಿರಲಿಲ್ಲ.

ಅಷ್ಟಮಿಯ ಸಂಜೆ ನಮ್ಮ ಯಜಮಾನರು ಖಂಡೆ ಪೂಜೆಗೆಂದು, ಅಂದರೆ ಆಯುಧ ಪೂಜೆಗೆಂದು, ಮನೆಯ ಹತಾರಗಳನ್ನೆಲ್ಲ ದೇವರ ಮುಂದೆ ತಂದಿಡುತ್ತಾರೆ. ನೇಗಿಲಿನ ಕುಳ, ಕುಡಗೋಲು, ಕುರ್ಪಿ, ದ್ರಾಕ್ಷಿ ಬಳ್ಳಿಯ ಟೊಂಗೆ ಸವರಿ ಚಾಟ್ನಿ ಮಾಡುವ ಕತ್ತರಿ, ನನ್ನ ಈಳಿಗೆ ಕೂಡ. ದಶಮಿಯ ಪೂಜೆ ಆಗುವ ತನಕ ಒಂದನ್ನೂ ಎತ್ತುವಂತಿಲ್ಲ. ನವಮಿಯ ದಿನ ನಾನು ಸೊಪ್ಪನ್ನು ಕೈಯಿಂದಲೇ ಮುರಿದು ಪಲ್ಯ ಮಾಡುವುದು. ಒಣದ್ರಾಕ್ಷಿಯ ದರ ನೋಡಲೆಂದು ಕಂಪ್ಯೂಟರ್ ಕಲಿತಿದ್ದರು ನಿಜ. ಆದರೆ ಫೋಲ್ಡರು ಎಳೆದೊಯ್ಯುವಷ್ಟು ಕಲಿತಿದ್ದಾರೆಂದು ಯಾರಿಗೆ ಗೊತ್ತಿತ್ತು!

ದೇವರ ಮನೆಗೆ ಹೋದರೆ ಅವರು ಕುಳಕ್ಕೆ ಅರಿಷಿಣ ಹಚ್ಚುತ್ತಿದ್ದರು.

"ರೀ, ಕಂಪ್ಯೂಟರಿಗೆ ಕೈ ಹಚ್ಚಿದ್ರೇನ್ರಿ?"

"ಹಚ್ಚೀನಿ," ಎಂದರು ತಲೆ ಎತ್ತದೆ. "ಟೂಲ್ಸ್ ಅಂತ ಬರದಿತ್ತು. ಟೂಲ್ಸ್ ಅಂದ್ರ ಹತಾರ ಅಲ್ಲೇನ? ಎಲ್ಲಾರ ಹತಾರಕ್ಕ ಪೂಜಿ ಆಗಿ ಸೊಸೀದಕ್ಕ ಅಷ್ಟs ಇಲ್ಲಾಂದ್ರ ಹ್ಯಾಂಗ? ಪರಕೀಯಳು ಅಂತ ಮಾಡ್ಯಾರ ಅಂದಾಳು."

ಬೈಯಲು ಬಂದವಳು ದನಿ ತಗ್ಗಿಸಿದೆ. "ಅದಿಲ್ಲದs ಆಕೀ ನೌಕರಿ ಹೋಕ್ಕೈತ್ರಿ. ಸಾಹೇಬ್ರು ಈಗ ಬರವ್ರದಾರ."

ಅವರ ಕೈ ಗಕ್ಕನೆ ನಿಂತಿತು. "ಇವತ್ತs ಐತೇನ ಅದು? ಹಬ್ಬಾ ಆದ ಮ್ಯಾಲಂತ ತಿಳಕೊಂಡಿದ್ನಲ್ಲ!" ಆಮೇಲೆ ತಲೆ ಅಲ್ಲಾಡಿಸಿದರು. "ಆದ್ರೂ ದೇವರ ಮುಂದ ಇಟ್ಟದ್ದನ್ನ ಹ್ಯಾಂಗ ಎತ್ತಲಿ? ನೀನs ಹೇಳು."

ನಾನೇನು ಹೇಳಲಿ? ಈ ಮನೆಗೆ ಕಾಲಿಟ್ಟಂದಿನಿಂದ ನವಮಿಯ ದಿನ ಈಳಿಗೆ ಮುಟ್ಟಿದವಳಲ್ಲ ನಾನು. ಎತ್ತಿಕೊಡಿ ಎನ್ನಲು ನಾಲಿಗೆ ಏಳಲಿಲ್ಲ. ಬೇಡ ಎನ್ನಲು ಮನಸ್ಸು ಒಪ್ಪಲಿಲ್ಲ.

ಸೊಸೆ ತಲೆಯ ಮೇಲಿನ ಸೆರಗು ಹಿಡಿದುಕೊಂಡು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಎತ್ತೂದ್ ಬ್ಯಾಡ್ರಿ ಮಾವಾರ. ಅಲ್ಲೇ ಇರ್ಲಿ. ಅವು ದೇವರ ಮುಂದ ಅದಾವಂತ ಕಂಪ್ಯೂಟರಗ ಹೇಳಿದ್ರಾತು. ಹಂಗ ಕೆಲಸಾ ತಗೊಂಡ್ರ ನಡೀತೈತೇನ್ರಿ?"

ಯಜಮಾನರು ಅರಿಷಿಣದ ಕೈಯಲ್ಲೇ ಎದ್ದು ಬಂದು ಪರದೆಗೆ ಬಗ್ಗಿ ನೋಡಿದರು. ಟೂಲ್ಸ್ ಇಟ್ಟಲ್ಲೇ ಇತ್ತು, ಮನೆದೇವರೂ ಪಕ್ಕದಲ್ಲಿದ್ದ.

"ಜಾಗಾ ಬಿಟ್ಟು ಏಳೂದಿಲ್ಲಲ್ಲಾ?"

"ಇಲ್ರಿ."

"ಹಂಗಾರ ಅವನ ಕಣ್ಮುಂದs ಕೆಲಸಾ ಆದಂಗಾತು. ಮಾಡು ತಾಯಿ."

ಅವಳು ಯಾದಿಯಲ್ಲಿದ್ದ ಹಳೆಯ ಸಾಲನ್ನು ಅಳಿಸಿ, ಡ್ರೈವಿಗೂ ಟೂಲ್ಸಿಗೂ ನಡುವೆ ದೇವರನ್ನು ಸೇರಿಸಿ ಬರೆದಳು. ಮತ್ತೊಂದು ಹೆಸರಿನ ಮುಂದೆಯೂ ಹಳೆಯ ವಿಳಾಸವೇ ಇತ್ತು, ಅದನ್ನೂ ತಿದ್ದಿದಳು. ಕರಿಯ ಕಿಟಕಿಗೆ ಬಂದು ಒತ್ತಿದಳು.

ಕಂಡೇ ಇಲ್ಲ ಎಂದಿತು ಅದು!

ಅವಳು ತಿದ್ದಿದ ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ ಹಣೆ ಬಡಿದುಕೊಂಡಳು. "ಈ ಕಿಟಕಿ ನಾ ತಿದ್ದೂಕಿಂತ ಮೊದಲs ತಗದದ್ರಿ. ಅದರ ತಲ್ಯಾಗ ಇನ್ನಾ ಹಳೇ ವಿಳಾಸs ಐತಿ." ಅದನ್ನು ಮುಚ್ಚಿ ಹೊಸದಾಗಿ ತೆಗೆದಳು. ಮತ್ತೆ ಬರೆದು ಒತ್ತಿದಳು. ಬಿಳಿಯ ಸಾಲುಗಳು ಒಂದರ ಹಿಂದೊಂದು ಇಳಿಯತೊಡಗಿದವು, ಪ್ರೋಗ್ರಾಮು ಕಣ್ಣು ಬಿಟ್ಟಿತು. ಕರೆಂಟು ಹೋಗಿರಲಿಲ್ಲ, ನೆಟ್ಟೂ ಹೋಗಿರಲಿಲ್ಲ. ನಮ್ಮ ಕಡೆ ಅದೇ ದೊಡ್ಡ ಕೃಪೆ. ನಿಂತಲ್ಲೇ ಕೈಮುಗಿದೆ.

ಅಷ್ಟರಲ್ಲಿ ಪರದೆಯ ಮೇಲೆ ಸಾಹೇಬರು ಬಂದರು. ಸೊಸೆ ಬಾಗಿಲು ಮುಚ್ಚಿಕೊಂಡಳು. ಒಳಗಿನಿಂದ ಮರಾಠಿ ಮಾತು ಕೇಳುತ್ತಿತ್ತು, ನಡುನಡುವೆ ಸದ್ದೇ ಇಲ್ಲ. ಆ ಸದ್ದಿಲ್ಲದ ಹೊತ್ತು ನನ್ನ ಜೀವ ತಿನ್ನುತ್ತಿತ್ತು. ಮಾತು ಬೆಳೆದು ಆರತಿಯ ಹೊತ್ತು ಬಂತು. ಬಂದದ್ದು ಮೀರಿಯೂ ಹೋಯಿತು.

ಮೈಯಲ್ಲಿ ಜ್ವರವಿದ್ದಾಗಲೂ ಆರತಿಯ ಹೊತ್ತು ತಪ್ಪಿಸದ ಮನುಷ್ಯ ಇವರು. ತಿರುಗಿ ನೋಡಿದರೆ ದೇವರ ಮುಂದೆ ಗಂಟೆ ಹಿಡಿದು, ಅದರ ನಾಲಿಗೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಒತ್ತಿಕೊಂಡು ನಿಂತಿದ್ದಾರೆ! ನಾನು ನನ್ನ ಕಣ್ಣನ್ನೇ ನಂಬಲಿಲ್ಲ.

"ಹೊತ್ತಾತಲ್ರಿ, ಬಾರಸ್ರಿ ಮತ್ತ."

"ಶ್! ಸಾಹೇಬಗ ಕೇಳತೈತಿ. ಸುಮ್ಮನs ನಿಂದ್ರ ಬೇ."

ಬಾಗಿಲು ತೆರೆಯಿತು. ಸೊಸೆಯ ಸೆರಗು ಹೆಗಲಿಗೆ ಜಾರಿತ್ತು, ಮಾವನ ಮುಂದೆ ನಿಂತಿದ್ದೇನೆಂಬ ಧ್ಯಾಸವೂ ಅವಳಿಗಿರಲಿಲ್ಲ.

"ಸೋಮಾರದಿಂದ ಚಾಲೂ ಮಾಡ್ರಿ ಅಂದ್ರು ಮಾವಾರ!"

ನಾನು ಕರ್ಪೂರ ಹಚ್ಚುವ ತನಕವೂ ಕಾಯದೆ ಅವರು ಮುಷ್ಟಿ ಸಡಿಲಿಸಿ ಗಂಟೆ ಬಾರಿಸತೊಡಗಿದರು.