ಬಲೆಯ ಮೇಲೆ ಮೊದಲ ಕೈ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಂದರಿನ ತುದಿಯ ತಗಡಿನ ಶೆಡ್ಡಿನ ಮುಂದೆ ಒದ್ದೆ ಬಲೆಯೊಂದು ಗುಡ್ಡೆಯಾಗಿ ಬಿದ್ದಿದೆ. ಬಲೆ ಹೊಲಿಯುವ ಹೆಂಗಸು ಅದರ ಹತ್ತಿರ ಬಂದು ನಿಲ್ಲುತ್ತಾರೆ, ಆದರೆ ಮುಟ್ಟುವುದಿಲ್ಲ. ಕೈಗಳನ್ನು ಶಾಲಿನೊಳಗೆ ಕಟ್ಟಿಕೊಂಡು, ಬಲೆ ತಂದ ಬೊಜ್ಜಿನ ದೋಣಿಕಾರನ ಮುಖ ನೋಡುತ್ತಾರೆ.

"ಮೊದಲು ನೀನು ಕೈಯಿಡಪ್ಪ."

"ದಿನಾ ಇದೇ ಗೋಳಾಯ್ತಲ್ಲ ನಿಂದು. ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವೇನಕ್ಕಾ?"

"ನಂಬಿಕೆ ಇರೋದಕ್ಕೇ ಕೈ ಕೇಳ್ತಿದೀನಿ. ಇಲ್ದಿದ್ರೆ ನಿನ್ನ ದೋಣಿ ಬಲೇನೇ ತಗೋತಿರ್ಲಿಲ್ಲ."

ಆತ ನಗುತ್ತಾ ಕೈಗವಸು ಕಳಚಿ, ಹಸುವಿನ ಬೆನ್ನು ಸವರುವ ಹಾಗೆ ಬಲೆಯನ್ನು ಈ ತುದಿಯಿಂದ ಆ ತುದಿಯವರೆಗೆ ಬರಿಗೈಯಲ್ಲಿ ಸವರುತ್ತಾನೆ. ಹೋಗುವ ಮುಂಚೆ, ಆಕೆ ಕೂರುವ ಹಲಗೆಯ ಮೇಲಿನ ಇಬ್ಬನಿಯನ್ನು ತನ್ನ ತೋಳಿನಿಂದಲೇ ಒರೆಸುತ್ತಾನೆ. ಆಮೇಲೆ ಕೆಲಸ ಶುರು. ದಿನಕ್ಕೆ ಎರಡು ಬಲೆ, ಗಾಳಿ ಜೋರಿದ್ದರೆ ಒಂದು.

ಬಂದರಿನವರು ಇವರನ್ನು ಎದುರಿಗೆ ಬಲೆಯಕ್ಕ ಅನ್ನುತ್ತಾರೆ, ಬೆನ್ನ ಹಿಂದೆ ಜಡ್ಜಮ್ಮ. ಎರಡೂ ಅವರಿಗೆ ಗೊತ್ತು.

ಹಳೆಯ ಯುದ್ಧಗಳು ಮುಗಿದ ಮೇಲೆ, ಉಳಿದ ವಿಷ ತುಂಬಿದ ಫಿರಂಗಿ ಗುಂಡುಗಳನ್ನು ಏನು ಮಾಡುವುದೆಂದು ತೋಚದೆ ಸೈನ್ಯದವರು ಹಡಗಿಗೆ ತುಂಬಿ ಈ ಸಮುದ್ರಕ್ಕೆ ಸುರಿದರು. ಕಣ್ಣಿಗೆ ಮರೆಯಾದರೆ ಪೀಡೆ ಕಳೆಯಿತು ಅಂದುಕೊಂಡಿರಬೇಕು. ಸುರಿದವರು ಈಗಿಲ್ಲ. ಎಲ್ಲೆಲ್ಲಿ ಸುರಿದರೆಂದು ಪೂರ್ತಿ ಬಲ್ಲವರೂ ಇಲ್ಲ. ಉಪ್ಪುನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿದು ತೂತಾಗುತ್ತಿದೆ. ಒಳಗಿನ ವಿಷ ತಣ್ಣೀರಿನಲ್ಲಿ ಬೇಗ ಕರಗದೆ, ಕೊಳಕು ಮೇಣದ ಮುದ್ದೆಯಂತೆ ಗಟ್ಟಿಯಾಗಿ ತಳದಲ್ಲಿ ಕೂತಿದೆ. ತಳ ಗೋರುವ ಬಲೆಗೆ ಮೀನಿನ ಜೊತೆ ಅದೂ ಬರುತ್ತದೆ. ಒಮ್ಮೊಮ್ಮೆ ಮೈತುಂಬ ಹುಣ್ಣಾದ ಮೀನುಗಳೂ ಬರುತ್ತವೆ.

ಮುದ್ದೆ ಸಿಕ್ಕರೆ ಬಂದರಿನ ಕಚೇರಿಗೆ ತಿಳಿಸಬೇಕು; ಹಿಡಿದ ಮೀನನ್ನೆಲ್ಲ ಹೂಳಬೇಕು. ವಾರದ ದುಡಿಮೆ ಮಣ್ಣುಪಾಲು. ಹಾಗಾಗಿ ಎಷ್ಟೋ ದೋಣಿಯವರು ಮುದ್ದೆಯನ್ನು ಕಾಲಿನಿಂದ ನೀರಿಗೆ ತಳ್ಳಿ, ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. "ಇವನು ಎಸೆದದ್ದು ನಾಳೆ ಇನ್ನೊಬ್ಬನ ಬಲೆಗೆ," ಅನ್ನುತ್ತಾರೆ ಬಲೆಯಕ್ಕ. "ಅವನು ಎಸೆದದ್ದು ನಾಡಿದ್ದು ಇವನಿಗೇ. ಇನ್ನು ಮುಗಿಯೋದು ಯಾವಾಗ?"

ಅವರ ಬೆರಳುಗಳ ನಡುವೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತದೆ. "ಬೆಂಕಿಗಾದ್ರೂ ನಿಯತ್ತಿದೆ, ಮುಟ್ಟಿದ ತಕ್ಷಣ ಹೇಳುತ್ತೆ. ಇದು ಹಗಲೆಲ್ಲ ಸುಮ್ನಿದ್ದು ಆಮೇಲೆ ಏಳುತ್ತೆ."

ಮೂರು ವರ್ಷದ ಹಿಂದೆ ಹಾಗೇ ಆಯಿತು. ಬಲೆಯಕ್ಕನ ಗಂಡ ತೀರಿಕೊಂಡ ಮೇಲೆ, ಹಗ್ಗದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅತ್ತೆ ಸೊಸೆ ಇಬ್ಬರೇ. ಪ್ರತಿ ಸಂಜೆ ಅತ್ತೆಯ ರೆಪ್ಪೆ ಬಿಡಿಸಿ ಕಣ್ಣಿಗೆ ಔಷಧಿ ಬಿಡುವುದು ಸೊಸೆಯ ಕೆಲಸ. ಅವತ್ತೂ ಒಂದು ಬಲೆ ಹೊಲಿದು ಬಂದು, ಕೈ ತೊಳೆದುಕೊಂಡೇ ಔಷಧಿ ಬಿಟ್ಟರು. ಆದರೆ ದಾರ ಕೊಯ್ದ ಗೀರುಗಳಲ್ಲಿ, ಉಗುರಿನ ಸಂದಿಯಲ್ಲಿ ವಿಷ ಉಳಿದಿತ್ತು. ಬೆಳಗಾಗುವಷ್ಟರಲ್ಲಿ ಸೊಸೆಯ ಕೈತುಂಬ ಬೊಬ್ಬೆ. ಅತ್ತೆಯ ಕಣ್ಣುಗಳೆರಡೂ ಊದಿ ಮುಚ್ಚಿದ್ದವು. ಒಂದು ಉಳಿಯಿತು, ಇನ್ನೊಂದು ಹೋಯಿತು.

ಆ ಬಲೆ ಬಂದಿದ್ದು ಮೈದುನನ ದೋಣಿಯಿಂದ, ಅಂದರೆ ಅತ್ತೆಯ ಕಿರಿಯ ಮಗನ ದೋಣಿಯಿಂದ. ಮುದ್ದೆಯನ್ನು ಅವನು ಕಣ್ಣಾರೆ ಕಂಡಿದ್ದ. ನೀರಿಗೆ ತಳ್ಳಿ, ಬಲೆಗೆ ನೀರು ಹೊಡೆದು, ಏನೂ ಹೇಳದೆ ಕಳಿಸಿದ್ದ.

ಆಸ್ಪತ್ರೆಯಲ್ಲಿ ಕಣ್ಣಿನ ಕಟ್ಟು ಬಿಚ್ಚಿದ ದಿನ ನರ್ಸು ಔಷಧಿ ಹಿಡಿದು ಬಂದರೆ, ಅತ್ತೆ ಮುಖ ತಿರುಗಿಸಿದರಂತೆ. "ನಮ್ಮ ಸೊಸೆ ಹಾಕ್ತಾಳೆ, ನೀನು ಹೋಗಮ್ಮ." ಅದನ್ನು ಹೇಳುವಾಗ ಮಾತ್ರ ಬಲೆಯಕ್ಕನ ಸೂಜಿ ನಿಲ್ಲುತ್ತದೆ.

ಅತ್ತೆ ಈಗ ಶೆಡ್ಡಿನಲ್ಲೇ ಕೂತು, ಮರದ ಸೂಜಿಗಳಿಗೆ ದಾರ ಸುತ್ತಿಕೊಡುತ್ತಾರೆ. "ಒಂದು ಕಣ್ಣು ಹೋದದ್ದು ಒಳ್ಳೇದೇ ಆಯ್ತು, ಇವಳ ತಪ್ಪೆಲ್ಲ ಅರ್ಧಕ್ಕರ್ಧ ಕಾಣುತ್ತೆ," ಅನ್ನುತ್ತಾರೆ.

ಅಲ್ಲಿಂದ ಮುಂದೆಯೇ ಈ ಕಟ್ಟಳೆ. "ಕೈಯಿಟ್ಟ ಮಾತ್ರಕ್ಕೆ ವಿಷ ಇದೆಯಾ ಅಂತ ಗೊತ್ತಾಗಲ್ಲ. ತಂದವನು ಮುಚ್ಚಿಡ್ತಿದಾನಾ ಅಂತ ಗೊತ್ತಾಗುತ್ತೆ," ಅನ್ನುತ್ತಾರೆ ಬಲೆಯಕ್ಕ. ಸಿಟ್ಟಾಗಿ ಬೇರೆ ಕಡೆ ಬಲೆ ಕೊಡುವವರೂ ಇದ್ದಾರೆ. ಕೆಲಸ ಅರ್ಧಕ್ಕೆ ಇಳಿದಿದೆ.

ಬಿಸಿಲು ಏರುವ ಹೊತ್ತಿಗೆ ಮೈದುನನೇ ತಳ್ಳುಗಾಡಿಯಲ್ಲಿ ಬಲೆ ತರುತ್ತಾನೆ.

"ಸಣ್ಣ ಹರುಕು ಅಷ್ಟೇ ಅತ್ತಿಗೆ. ಸಂಜೆಗೆ ಬೇಕಿತ್ತು."

"ಸಣ್ಣದಾದ್ರೆ ಬೇಗ ಆಗುತ್ತೆ. ಕೈಯಿಡಪ್ಪ."

ಅವನ ಕೈ ಜೇಬಿನಿಂದ ಹೊರಗೆ ಬರುವುದಿಲ್ಲ. ಅತ್ತೆ ದಾರ ಸುತ್ತುವುದನ್ನು ನಿಲ್ಲಿಸುತ್ತಾರೆ.

"ಯಾಕೋ, ಕೈಗೇನಾಗಿದೆ ನಿಂಗೆ?"

ಅವನು ತಾಯಿಯತ್ತ ನೋಡುವುದಿಲ್ಲ. ದೋಣಿಕಟ್ಟೆಯ ಕಡೆ ನೋಡುತ್ತಾನೆ. "ಮುಟ್ಟಬೇಡಿ ಅತ್ತಿಗೆ. ಅಮ್ಮನ್ನೂ ಆಚೆ ಕರ್ಕೊಂಡು ಹೋಗಿ."

"ಎಸೆದ್ಯಾ?"

"ಇಲ್ಲ. ಬಕೆಟ್ಟಿನ ನೀರಲ್ಲಿ ಹಾಕಿ ದೋಣಿ ಮೂಲೇಲಿ ಇಟ್ಟಿದೀನಿ. ಎಸೆಯೋಕೆ ಕೈ ಬರ್ಲಿಲ್ಲ. ಹೇಳೋಕೆ ಬಾಯಿ ಬರ್ಲಿಲ್ಲ."

"ಮೀನು?"

"ಇಳಿಸ್ತಿದಾರೆ."

"ಮತ್ತೆ ಇಲ್ಲೇ ನಿಂತಿದೀಯಲ್ಲೋ."

ಅವನು ಓಡುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಕಟ್ಟೆಯಿಂದ ಜಗಳದ ದನಿ ಕೇಳುತ್ತದೆ. "ಮನೆಗೆ ಹೋಗಿ ಏನು ಮಣ್ಣು ತಿನ್ನೋಣ?" ಎಂದು ಜೊತೆಯವನೊಬ್ಬ ಕೂಗುತ್ತಾನೆ. ಉತ್ತರ ಕೇಳಿಸುವುದಿಲ್ಲ. ಆದರೆ ಮೀನಿನ ಪೆಟ್ಟಿಗೆಗಳು ಮಾರುಕಟ್ಟೆಯ ಲಾರಿಗೆ ಏರುವುದು ನಿಲ್ಲುತ್ತದೆ. ಮುಖಕ್ಕೆ ಗವಸು ಹಾಕಿದ ಕಚೇರಿಯವರು ಬಂದು ಬಕೆಟ್ಟನ್ನೂ ಬಲೆಯನ್ನೂ ಪೀಪಾಯಿಗಳಲ್ಲಿ ಮುಚ್ಚಿ ಒಯ್ಯುತ್ತಾರೆ. ಮೀನು ಹೂಳಲು ಹೋಗುತ್ತದೆ. ಆ ದೋಣಿಯ ಆಳೊಬ್ಬ ಶೆಡ್ಡಿನ ಮುಂದೆ ಹಾದುಹೋಗುವಾಗ ನೆಲಕ್ಕೆ ಉಗಿಯುತ್ತಾನೆ. ನಾಳೆ ಎಲ್ಲ ದೋಣಿಗಳೂ ಮತ್ತೆ ಅದೇ ತಳವನ್ನೇ ಗೋರಲು ಹೋಗುತ್ತವೆ.

ಬಲೆಯಕ್ಕ ಆಗಲೇ ಅತ್ತೆಯನ್ನು, ಬಲೆಯ ಗಾಳಿ ತಾಗದ ಕಡೆ, ದೂರದ ಗೋಡೆಯ ಬಳಿ ಕೂರಿಸಿ ಶಾಲು ಹೊದಿಸಿದ್ದಾರೆ. ಕೆಲಸ ಕೈತಪ್ಪಿತಲ್ಲ ಅಂತ ಬೇಸರವೇ ಎಂದು ಕೇಳಿದರೆ, ಸೂಜಿಯನ್ನು ಹಲಗೆಯ ಮೇಲೆ ಇಡುತ್ತಾರೆ.

"ಆ ಬಲೆಗೆ ಒಂದು ಗಂಟೂ ಹಾಕ್ಲಿಲ್ಲ ನಾನು," ಅನ್ನುತ್ತಾರೆ. "ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಮಾಡಿದ ಕೆಲಸ ಇನ್ನೊಂದಿಲ್ಲ."