ನಿಂಗಣ್ಣ ಬರೆದಿಟ್ಟ ಸಾಲು

ಹಸಿರು ಗುಂಡಿ ಒತ್ತುವ ಮೊದಲು ನಿಂಗಣ್ಣ ಮಿಷನ್ನಿನ ಬಾಗಿಲ ಮೇಲೆ ಎಡ ಅಂಗೈ ಊರಿ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ. ಆ ಕೈಯಲ್ಲಿ ಬೆರಳು ನಾಲ್ಕೇ. ಐದನೆಯದನ್ನು ಯಾವುದೋ ಹಳೆಯ ಲೇತ್ ಮಿಷನ್ನು ತೆಗೆದುಕೊಂಡಿತ್ತು. "ಕೊಟ್ಟಿವ್ನಿ ಅಷ್ಟೇ ಕಣ್ಲಾ, ಒಂದಿನ ವಾಪಸ್ ಇಸ್ಕೊತೀನಿ" ಎನ್ನುತ್ತಿದ್ದ.

ಹೊಳೆನರಸೀಪುರದಿಂದ ರೈಲಿನಲ್ಲಿ ಹಾಸನದ ನಮ್ಮ ಶೆಡ್ಡಿಗೆ ಬಂದು, ಕಂಪ್ಯೂಟರ್ ನಡೆಸುವ ಮಿಷನ್ನುಗಳಿಗೆ ಪ್ರೋಗ್ರಾಮ್ ಬರೆಯುವುದು ಅವನ ಕೆಲಸ. ಯಾವ ಟೂಲು ಎಲ್ಲಿಂದ ಎಲ್ಲಿಗೆ, ಎಷ್ಟು ವೇಗದಲ್ಲಿ ಹೋಗಿ ಕಬ್ಬಿಣ ಕೊರೆಯಬೇಕು ಎಂಬುದನ್ನೆಲ್ಲ ಸಾಲುಸಾಲಾಗಿ ಬರೆದುಕೊಡಬೇಕು. ನಾನು ಅವನ ಶಿಷ್ಯ. ಮನೆಗೆ ಬೀಗ ಹಾಕಿದ ಮೇಲೂ ಎರಡು ಸಲ ವಾಪಸು ಹೋಗಿ ಜಗ್ಗಿ ನೋಡುವ ನನ್ನಂಥವನಿಗೆ ಇದಕ್ಕಿಂತ ಕೆಟ್ಟ ಕಸುಬು ಸಿಗಲಾರದು.

"ಮಿಷನ್‌ಗೆ ಕಣ್ಣಿಲ್ಲ ಕಣ್ಲಾ ಮಂಜ. ನೀನೇಳ್ದ ಕಡೀಕೆ ಓಯ್ತದೆ. ಅಲ್ಲಿರೋದು ಕಬ್ಣನೋ ಕೈಯೋ ಅದ್ಕೆ ಗೊತ್ತಾಗಾಕಿಲ್ಲ."

ಅದಕ್ಕೇ ಅವನು ಪ್ರತಿ ಪ್ರೋಗ್ರಾಮಿಗೂ ಒಂದು ಸಾಲು ಹೆಚ್ಚಿಗೆ ಸೇರಿಸುತ್ತಿದ್ದ. ಟೂಲು ಕಬ್ಬಿಣ ಮುಟ್ಟುವ ಮುಂಚೆ ಗೇಣು ದೂರದಲ್ಲಿ ನಿಲ್ಲಬೇಕು. ಪರದೆಯ ಮೇಲೆ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, 'ನಿಂತು ನೋಡು' ಎಂದು ಬರಬೇಕು. ನೋಡಿ, ಮತ್ತೆ ಗುಂಡಿ ಒತ್ತಿದರೆ ಮುಂದಕ್ಕೆ.

ಕಾಯಿಲೆಯಾಗಿ ಅವನು ಹಾಸಿಗೆ ಹಿಡಿದ. "ಪೀಸ್ ಪೀಸ್‌ಗೂ ನಿಂತ್ಕೊಂಡ್ರೆ ಕೆಲ್ಸ ಮುಗಿಯೋದ್ಯಾವಾಗ? ಆ ಸಾಲು ತೆಗೀರಿ" ಎಂದರು ಮಾಲೀಕರು. ಒಂದೇ ಮಧ್ಯಾಹ್ನದಲ್ಲಿ ಅಷ್ಟನ್ನೂ ಅಳಿಸಿದೆ. ಒಂದೂ ಉಳಿದಿಲ್ಲವೆಂದು ಎರಡು ಸಲ ಹುಡುಕಿ ಖಾತ್ರಿ ಮಾಡಿಕೊಂಡೆ. ನನ್ನ ಚಾಳಿ.

ಭಾನುವಾರ ಅವನನ್ನು ನೋಡಲು ಹೋದೆ. ಕೈಯಲ್ಲಿದ್ದ ಮೂಸಂಬಿ ಇನ್ನೂ ಕೆಳಗಿಟ್ಟಿರಲಿಲ್ಲ.

"ಅಳುಸ್ಬುಟ್ಯೇನ್ಲಾ?"

"ಏನಣ್ಣ?"

"ಏನಣ್ಣ ಅಂತೆ! ಸುಮ್‌ಸುಮ್ಕೆ ಮೂಸಂಬಿ ತರೋ ಆಸಾಮಿಯಾ ನೀನು?"

ಅವನಿಗೆ ಯಾರೂ ಹೇಳಿರಲಿಲ್ಲ. ಮಂಚದ ಕಬ್ಬಿಣದ ಮೇಲೆ ಅಂಗೈ ಊರಿ ಅವನು ಕಣ್ಣು ಮುಚ್ಚಿದ.

"ಓಗ್ಲಿ ಬುಡು. ನಿಲ್ಲುಸ್ಬೇಕಾದಾಗ ನಾನೇ ಬಂದು ನಿಲ್ಲುಸ್ತೀನಿ."

ಇಬ್ಬರೂ ನಕ್ಕೆವು. ಅದೇ ಕೊನೆಯ ಭೇಟಿ.

ಅವನ ತಿಥಿಯೂಟ ಮುಗಿಸಿಬಂದ ಮಾರನೆಯ ದಿನ, ಬೆಳಗ್ಗೆ ಹತ್ತು ಗಂಟೆ. ಶೆಡ್ಡಿನ ತುಂಬ ಬಿಸಿಲು. ಹೊಸ ಟೂಲು ಹಾಕಿ, ಬಾಗಿಲೆಳೆದು, ಅದರ ಗಾಜಿಗೆ ಮುಖವೊಡ್ಡಿ ಗುಂಡಿ ಒತ್ತಿದೆ. ರಭಸದಿಂದ ಇಳಿದ ಟೂಲು ಗಕ್ಕನೆ ನಿಂತಿತು. ಗೇಣು ದೂರದಲ್ಲಲ್ಲ, ಎರಡೇ ಬೆರಳಿನಷ್ಟು ಮೇಲೆ. ಪರದೆಯಲ್ಲಿ: ನಿಂತು ನೋಡು.

ನಿಂತು ನೋಡಿದೆ. ಹೊಸ ಟೂಲು ಹಳೆಯದಕ್ಕಿಂತ ಉದ್ದ. ಅದರ ಅಳತೆಯನ್ನು ಮಿಷನ್ನಿಗೆ ತುಂಬುವುದನ್ನೇ ಮರೆತಿದ್ದೆ. ನಿಲ್ಲದಿದ್ದರೆ ಅದು ಕಬ್ಬಿಣಕ್ಕೆ ಗುದ್ದಿ ಚೂರಾಗುತ್ತಿತ್ತು. ಗಾಜನ್ನೂ ಒಡೆದು ಚೂರು ಹಾರುವ ದಾರಿಯಲ್ಲಿ ನನ್ನ ಮುಖವಿತ್ತು.

ಪ್ರೋಗ್ರಾಮನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಆ ಸಾಲು ಎಲ್ಲೂ ಇರಲಿಲ್ಲ. "ನೀವೇ ಎಲ್ಲೋ ಅಳಿಸ್ದೆ ಬಿಟ್ಟಿರ್ತೀರಿ ಬಿಡ್ರಿ" ಎಂದರು ಮಾಲೀಕರು. ಬಿಟ್ಟಿರಬಹುದೇ? ಬೀಗ ಎರಡು ಸಲ ಜಗ್ಗುವವನು ನಾನು.

ಅವರು ಬೈಯುತ್ತಿದ್ದರೂ ಸಂಜೆಯೊಳಗೆ ಎಲ್ಲ ಪ್ರೋಗ್ರಾಮಿಗೂ ಆ ಸಾಲನ್ನು ಮತ್ತೆ ಸೇರಿಸಿದೆ. ಮನೆಗೆ ಹೊರಡುವ ಮುಂಚೆ ಮಿಷನ್ ಒರೆಸಲು ಹೋದಾಗ ಕಂಡಿತು: ಬಾಗಿಲ ಎಣ್ಣೆಪಸೆಯ ಮೇಲೆ ಎಡಗೈಯ ಗುರುತು. ನನ್ನ ಕೈ ಇಟ್ಟು ನೋಡಿದೆ, ನನ್ನದು ಚಿಕ್ಕದು. ಬೆರಳು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.

ಐದಿದ್ದವು. ಕೊಟ್ಟಿದ್ದನ್ನು ನಿಂಗಣ್ಣ ವಾಪಸ್ ಇಸ್ಕೊಂಡಿದ್ದ.