ಮೂರು ಸಲ ಬಂದ ಸಮಿತಿ

ಅಹಮದಾಬಾದಿನ ಒಂದು ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ನಾನು ನೀರು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ರೈಲ್ವೆಯಲ್ಲಿದ್ದ ಗಂಡನ ವರ್ಗಾವಣೆಯ ಹಿಂದೆ ಮೊದಲು ವಡೋದರಾಕ್ಕೆ ಬಂದವಳು. ಅಲ್ಲಿ ಕಾರ್ಖಾನೆಗಳ ಮಗ್ಗುಲಿನ ಗೋರ್ವಾದಲ್ಲಿ ಮನೆ ಮಾಡಿದ್ದಾಗ ಗಾಳಿ ಯಾವ ಕಡೆಯಿಂದ ಬೀಸಿದರೆ ಯಾವ ಕಿಟಕಿ ಹಾಕಬೇಕು ಎಂಬುದು ಒಂದೇ ವಾರದಲ್ಲಿ ರೂಢಿಯಾಗಿತ್ತು. ಅಲ್ಲಿಂದ ಅಹಮದಾಬಾದಿಗೆ. ರಾಜಕೀಯ ನನಗೆ ಸಂಬಂಧವಿಲ್ಲದ ವಿಷಯ. ಮತ ಹಾಕುತ್ತಿದ್ದೆ, ಬೆರಳಿನ ಶಾಯಿ ಹೋಗುವಷ್ಟರಲ್ಲಿ ಮರೆಯುತ್ತಿದ್ದೆ. ಒಂದು ವಿಧಾನಸಭೆಯ ಐದು ವರ್ಷಗಳನ್ನು ತೀರ ಹತ್ತಿರದಿಂದ ನೋಡುವ ಹಾಗಾದದ್ದು ನೀರಿನ ದೆಸೆಯಿಂದ.

ಹೊಸ ಸದನ ಸೇರಿದ ಮೊದಲ ವರ್ಷವೇ ಅಹಮದಾಬಾದಿನ ಅಂಚಿನ ವಟ್ವಾದ ಬೋರ್‌ವೆಲ್‌ಗಳ ಬಗ್ಗೆ ಗದ್ದಲವೆದ್ದಿತು. ಬಣ್ಣದ ಕಾರ್ಖಾನೆಗಳ ಹಿಂದಿನ ಗಲ್ಲಿಗಳಲ್ಲಿ ಕೆಂಪು ನೀರು ಬರುತ್ತಿದೆ ಎಂದು ಒಬ್ಬ ಶಾಸಕರು ಸದನದಲ್ಲಿ ಬಾಟಲಿ ಎತ್ತಿ ತೋರಿಸಿದರು. ಕೂಗಾಟ ಜಾಸ್ತಿಯಾಗಿ, ಎರಡೂ ಕಡೆಯವರನ್ನು ಸೇರಿಸಿ ಒಂದು ಸಮಿತಿ ಮಾಡಿದರು. ಸಮಿತಿಯ ಜೊತೆ ಹೋಗಲು ನಮ್ಮ ಸಂಸ್ಥೆಯಿಂದ ಒಬ್ಬರು ಬೇಕೆಂದು ಪತ್ರ ಬಂತು. ನಮ್ಮ ವಿಭಾಗದ ಮುಖ್ಯಸ್ಥರು ನನ್ನನ್ನು ಕಳಿಸಿದರು. ಅವರು ಮೈಸೂರಿನವರು. ಇಡೀ ವಿಭಾಗದಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ.

"ಸೀಸೆ ತುಂಬಿಕೋ, ಲೇಬಲ್ ಹಾಕು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಅಷ್ಟೇ ಕಣಮ್ಮ" ಎಂದಿದ್ದರು.

ಸಮಿತಿ ಹೋಗಿ ನಿಂತದ್ದು ಒಬ್ಬ ವಿಧವೆಯ ಮನೆಯ ಮುಂದೆ. ಆಕೆ ಮನೆಯಲ್ಲೇ ಖಾಖ್ರಾ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದಳು. ಖಾಖ್ರಾ ಎಂದರೆ ಹಪ್ಪಳದಷ್ಟು ತೆಳ್ಳಗೆ ಲಟ್ಟಿಸಿ, ಹೆಂಚಿನ ಮೇಲೆ ಒತ್ತಿ ಒತ್ತಿ ಗರಿಗರಿ ಮಾಡುವ ಚಪಾತಿ. ಇಲ್ಲಿ ಹೆಂಗಸರನ್ನೆಲ್ಲ ಬೆನ್, ಅಂದರೆ ಅಕ್ಕ, ಎಂದೇ ಕರೆಯುವುದು; ನಾನೂ ಆಕೆಯನ್ನು ಹಾಗೇ ಕರೆದೆ. ಬೆನ್ ಹಿತ್ತಲಿನ ಪಂಪು ಒತ್ತಿ ಬಕೆಟ್ಟು ತುಂಬಿಸಿದಳು. ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣ. ಕುಡಿಯಲು, ಹಿಟ್ಟು ಕಲಸಲು ದೂರದಿಂದ ನೀರು ಹೊತ್ತು ತರುತ್ತಿದ್ದಳು. ಪಾತ್ರೆ, ಬಟ್ಟೆ, ಸ್ನಾನ ಎಲ್ಲ ಇದರಲ್ಲೇ. ಅಂಗೈ ಸೀಳು ಬಿಟ್ಟು, ಬೆರಳ ಸಂದುಗಳಲ್ಲಿ ಚರ್ಮ ಸುಲಿದಿತ್ತು. ಆ ಕೈ ನೋಡಿ ಎರಡು ಅಂಗಡಿಯವರು ಖಾಖ್ರಾ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದರು.

ಉಳಿದ ಶಾಸಕರು ಅತ್ತರು ಹಾಕಿದ ಕರ್ಚೀಫು ಮೂಗಿಗೆ ಹಿಡಿದು ನಿಂತಿದ್ದರು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದರು. ಬಾಟಲಿ ಎತ್ತಿ ತೋರಿಸಿದ್ದ ಶಾಸಕರೊಬ್ಬರೇ ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕುಳಿತರು. ಬೆನ್‌ಳ ಎರಡೂ ಕೈ ಹಿಡಿದು ಮಗುಚಿ ನೋಡಿದರು. ಅವರ ಕಣ್ಣು ತುಂಬಿತು. ಅಳು ತಡೆಯಲು ನೋಡಿದರು, ಆಗಲಿಲ್ಲ.

"ನನ್ನ ಸ್ವಂತ ಅಕ್ಕನ ಕೈ ಹೀಗಾಗಿದ್ದರೆ ಸುಮ್ಮನಿರುತ್ತಿದ್ದೆನೇ? ನಾನು ಇದನ್ನು ಬಿಡುವುದಿಲ್ಲ, ಬೆನ್" ಎಂದರು.

ಅಲ್ಲಿಯವರೆಗೆ ಒಣ ಕಣ್ಣಿನಲ್ಲೇ ಎಲ್ಲ ಹೇಳಿದ್ದ ಬೆನ್ ಆಗ ಸೆರಗಿನಿಂದ ಮುಖ ಒರೆಸಿಕೊಂಡಳು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ ಕೇಳಿದರು, "ಟಿವಿಯವರು ಬಂದಿದ್ರೇನು?"

"ಯಾರೂ ಬಂದಿರ್ಲಿಲ್ರಿ. ನಾವಷ್ಟ ಇದ್ವಿ."

"ಹಂಗಾರ ಮನಷ್ಯಾ ಚೊಲೋ ಇರ್ಬೇಕ್ ಬಿಡು."

ನಾನೂ ಹಾಗೇ ನಂಬಿದೆ. ಈಗಲೂ ಆ ಅಳು ನಾಟಕವಾಗಿತ್ತು ಎಂದು ನನಗೆ ಅನಿಸುವುದಿಲ್ಲ. ನಾಟಕವಾಗಿದ್ದರೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲವೇನೋ.

ಚಳಿಗಾಲದಲ್ಲಿ ಸಮಿತಿ ಅಧ್ಯಯನಕ್ಕೆಂದು ಸೂರತ್ತಿಗೆ ಹೊರಟಿತು. ಹಜೀರಾದ ಕಡೆ ಯಾವ ಕಾರ್ಖಾನೆ ಹೊರಬಿಡುವ ಹೊಲಸು ನೀರನ್ನು ನೋಡಬೇಕಿತ್ತೋ ಆ ಕಾರ್ಖಾನೆಯದೇ ಅತಿಥಿಗೃಹದಲ್ಲಿ ಎಲ್ಲರಿಗೂ ವಸತಿ. ಆ ನೀರು ಬೀಳುವ ಜಾಗವನ್ನು ವ್ಯಾನಿನ ಕಿಟಕಿಯಿಂದಲೇ ನೋಡಿಯಾಯಿತು. ಇಳಿದು ಸೀಸೆ ತುಂಬಿಕೊಂಡವಳು ನಾನೊಬ್ಬಳೇ. ಮಧ್ಯಾಹ್ನ ಹುಲ್ಲುಹಾಸಿನ ಮೇಲೆ ಊಟ. ಸೂರತ್ತಿನವರು ಪೋಂಕ್ ಎನ್ನುವ ಸುಟ್ಟ ಎಳೆ ಜೋಳದ ಕಾಳು, ಅದರ ಮೇಲೆ ಸೇವು, ನಿಂಬೆಹಣ್ಣು. ಸದನದಲ್ಲಿ ಒಬ್ಬರ ಮೇಲೊಬ್ಬರು ಕಾಗದ ಎಸೆದವರು ಇಲ್ಲಿ ಒಬ್ಬರ ತಟ್ಟೆಗೊಬ್ಬರು ಬಡಿಸಿಕೊಂಡರು.

ಬಾಟಲಿ ತೋರಿಸಿದ್ದ ಆ ಶಾಸಕರು ಏನೂ ತಿನ್ನಲಿಲ್ಲ. ಕಾರ್ಖಾನೆಯ ಕಡೆಯ, ಬಿಳಿ ಷರಟಿನ ಒಬ್ಬಾತ ಬಂದು ಅವರ ಹೆಗಲ ಮೇಲೆ ಕೈ ಹಾಕಿ ತೋಟದ ಆ ತುದಿಗೆ ಕರೆದುಕೊಂಡು ಹೋದ. ಇಬ್ಬರೂ ಬಹಳ ಹೊತ್ತು ಅಡ್ಡಾಡಿದರು. ಹಿಂತಿರುಗಿದ ಮೇಲೆ ಶಾಸಕರು ನನ್ನ ಪಕ್ಕ ನಿಂತು ಕೇಳಿದರು, "ಮೇಡಂ, ಆ ಬೆನ್‌ಳ ಕೈ ಈಗ ಹೇಗಿದೆ?"

"ಹಾಗೇ ಇದೆ, ಸರ್."

ತಲೆಯಾಡಿಸಿದರು.

ಹದಿನೈದು ದಿನಕ್ಕೆ ಪೇಪರಿನಲ್ಲಿ ಬಂತು: ಅವರು ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದರು. ಮುಂದಿನ ವಾರ ಎದುರು ಪಕ್ಷದ ಕಚೇರಿಯ ಫೋಟೋ. ಕೊರಳಲ್ಲಿ ಬೇರೆ ಬಣ್ಣದ ಶಲ್ಯ. ಅವರ ಬೆನ್ನಿಗೇ ಇನ್ನೊಬ್ಬರು, ಮತ್ತೊಬ್ಬರು. ಪ್ರತಿಯೊಬ್ಬರೂ ಕ್ಷೇತ್ರದ ಅಭಿವೃದ್ಧಿಗಾಗಿ ಎಂದೇ ಹೇಳಿದರು. ಸಮಿತಿಯಲ್ಲಿ ಸಭೆ ನಡೆಸುವಷ್ಟು ಜನವೇ ಉಳಿಯಲಿಲ್ಲ. ಅಧ್ಯಕ್ಷರಿಗೂ ಯಾವುದೋ ನಿಗಮದ ಕುರ್ಚಿ ಸಿಕ್ಕಿ ಅವರು ಆ ಕಡೆ ಹೋದರು.

ಮರುವರ್ಷ ಹೊಸ ಸಮಿತಿ, ಹೊಸ ಅಧ್ಯಕ್ಷರು. ಮತ್ತೆ ವಟ್ವಾ, ಅದೇ ಗಲ್ಲಿ. ಅಧ್ಯಕ್ಷರು ಕುರ್ಚಿ ತರಿಸಿ ಕೂತು, "ಹೇಳಿ ಬೆನ್, ನಿಮ್ಮ ತೊಂದರೆ ಏನು?" ಎಂದರು.

"ಹೋದ ಸಲ ಎಲ್ಲ ಬರೆದುಕೊಂಡು ಹೋದರಲ್ಲ?"

ಸಮಿತಿಯ ಕಾರ್ಯದರ್ಶಿ ಸಮಾಧಾನದಿಂದ ಹೇಳಿದರು, "ಅದು ಹಿಂದಿನ ಸಮಿತಿ, ಬೆನ್. ಇದು ಬೇರೆ."

ಬೆನ್ ಮತ್ತೆ ಮೊದಲಿನಿಂದ ಹೇಳಿದಳು. ಪಂಪು, ಬಣ್ಣ, ಕೈ, ಅಂಗಡಿಯವರು. ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ. ಕೊನೆಯಲ್ಲಿ ಸುತ್ತ ಕಣ್ಣಾಡಿಸಿ ಕೇಳಿದಳು, "ಆವತ್ತು ಬಂದಿದ್ದ ಆ ಭಾಯಿ ಬರಲಿಲ್ಲವೇ?"

ಒಬ್ಬ ಸದಸ್ಯರು ಬಾಯಿಯ ಗುಟ್ಕಾ ಒಂದು ಕೆನ್ನೆಗೆ ದೂಡಿ ನಕ್ಕರು. "ಆ ಭಾಯಿ ಈಗ ನಮ್ಮ ಮನೆಗೇ ಬಂದುಬಿಟ್ಟಿದ್ದಾನೆ, ಬೆನ್!"

ಎಲ್ಲರೂ ನಕ್ಕರು. ಆ ಪಕ್ಷ ಈ ಪಕ್ಷ ಎನ್ನದೆ ಎಲ್ಲರೂ. ಗುಟ್ಕಾ, ಅತ್ತರು, ಚರಂಡಿ ಮೂರರ ವಾಸನೆಯೂ ಒಟ್ಟಿಗೆ ಬಡಿಯಿತು. ಇಷ್ಟು ವರ್ಷ ಎಂಥೆಂಥ ನೀರು ಮೂಸಿದವಳು, ಆವತ್ತು ಗಲ್ಲಿಯ ಕೊನೆಗೆ ಹೋಗಿ ಗೋಡೆ ಹಿಡಿದು ನಿಂತೆ.

ಉಪಚುನಾವಣೆಯಲ್ಲಿ ಆ ಶಾಸಕರು ಹೊಸ ಚಿಹ್ನೆಯ ಮೇಲೆ ಗೆದ್ದರು. ಬೆನ್‌ಳ ಗಲ್ಲಿಯಲ್ಲೂ ಪಟಾಕಿ ಹೊಡೆದರು. ಅದಾದ ಮೇಲೆ ಮೇಲಿನ ಕುರ್ಚಿಗಳೂ ಅಲುಗಾಡಿದವು. ಒಂದು ದಿನ ಇದ್ದಕ್ಕಿದ್ದಂತೆ ಮುಖ್ಯಮಂತ್ರಿಯೇ ಬದಲಾದರು. ಅವರ ಜೊತೆ ಮಂತ್ರಿಗಳೂ ಮನೆಗೆ ಹೋದರು. ನಮ್ಮ ಸಮಿತಿಯಲ್ಲಿ ಗುಟ್ಕಾ ಅಗಿಯುತ್ತಿದ್ದವರು ಮಂತ್ರಿಯಾದರು. ಸಮಿತಿ ಮತ್ತೆ ಒಡೆಯಿತು, ಮತ್ತೆ ಕಟ್ಟಿದರು. ಮೂರನೆಯ ಸಮಿತಿಯ ಅಧ್ಯಕ್ಷರ ಹೆಸರು ಪತ್ರದಲ್ಲಿ ಓದಿದಾಗ ಎರಡು ಸಲ ಕನ್ನಡಕ ಒರೆಸಿಕೊಂಡೆ. ಅಂದು ಹೊಸ್ತಿಲ ಮೇಲೆ ಅತ್ತಿದ್ದ ಶಾಸಕರೇ.

ಈ ಸಲ ಅವರ ಜೊತೆ ಜನ ಜಾಸ್ತಿ. ಹೊಸ ಜಾಕೀಟು, ಕಾಲಲ್ಲಿ ಬೂಟು. ಹೊಸ್ತಿಲಿನ ಹತ್ತಿರ ಬರದೆ ರಸ್ತೆಯಲ್ಲೇ ನಿಂತು ಕೈ ಮುಗಿದರು. ಬಕೆಟ್ಟಿನ ಕಡೆ ನೋಡಿ ಕಾರ್ಯದರ್ಶಿಗೆ ಹೇಳಿದರು, "ನೆಲದಲ್ಲಿ ಕಬ್ಬಿಣದ ಅಂಶವಿದ್ದರೆ ಬಣ್ಣ ಬಂದೇ ಬರುತ್ತದೆ. ಇದನ್ನು ದೊಡ್ಡದು ಮಾಡಿದವರಿದ್ದಾರೆ. ಬರೆದುಕೊಳ್ಳಿ."

ಬೆನ್ ಕೇಳಿಸಿಕೊಂಡಳು. "ಭಾಯಿ, ನೀವು ಅತ್ತಿದ್ದಿರಿ" ಎಂದಳು.

"ಏನು?"

"ಇದೇ ಹೊಸ್ತಿಲ ಮೇಲೆ ಕೂತು. ನನ್ನ ಕೈ ಹಿಡಿದುಕೊಂಡು ಅತ್ತಿರಿ."

ಅವರ ಮುಖ ಕೆಂಪಾಗುತ್ತದೆ, ತಲೆ ತಗ್ಗುತ್ತದೆ ಎಂದು ನಾನು ಕಾದೆ. ಅಂಥದ್ದೇನೂ ಆಗಲಿಲ್ಲ. ತಿಳಿಯದವರಿಗೆ ತಿಳಿಸಿಕೊಡುವವರ ಹಾಗೆ ತಾಳ್ಮೆಯಿಂದ ಹೇಳಿದರು, "ಆಗ ನಾನು ಆ ಕಡೆ ಇದ್ದೆ, ಬೆನ್."

"ಕೈ ಹಾಗೇ ಇದೆಯಲ್ಲ, ಭಾಯಿ."

ಅವರು ನನ್ನ ಕಡೆ ತಿರುಗಿದರು. "ಮೇಡಂ, ಮಳೆಗಾಲ ಕಳೆದ ಮೇಲೆ ತೆಗೆದ ನೀರು ಪರವಾಗಿಲ್ಲ ಎಂದು ವರದಿ ಇದೆಯಲ್ಲ?"

ನಾನು ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡುತ್ತಿದ್ದೆ, ಮಳೆಗೆ ಮೊದಲೊಂದು, ಮಳೆಯಾದ ಮೇಲೊಂದು. ಮಳೆನೀರು ಇಂಗಿ ಬೆರೆತಾಗ ವಿಷ ತೆಳುವಾಗುತ್ತದೆ, ಹೋಗುವುದಿಲ್ಲ. ಅಷ್ಟನ್ನೂ ಹೇಳಬೇಕಿತ್ತು.

"ಮಳೆಯಾದ ಮೇಲೆ ಸ್ವಲ್ಪ ಕಡಿಮೆ ಇರುತ್ತದೆ, ಸರ್" ಎಂದೆ.

"ನೋಡಿ, ವಿಜ್ಞಾನಿಗಳೇ ಹೇಳುತ್ತಿದ್ದಾರೆ" ಎಂದು ಅವರು ಕಾರಿನ ಕಡೆ ಹೊರಟರು. ಬೆನ್ ನನ್ನನ್ನೇ ನೋಡುತ್ತಿದ್ದಳು. ನಾನು ಸೀಸೆಗಳನ್ನು ಪೆಟ್ಟಿಗೆಯಲ್ಲಿ ಜೋಡಿಸತೊಡಗಿದೆ. ಜೋಡಿಸಿದ್ದನ್ನೇ ತೆಗೆದು ಮತ್ತೆ ಜೋಡಿಸಿದೆ.

ವಾರದ ನಂತರ ಮುಖ್ಯಸ್ಥರು ಕೋಣೆಗೆ ಕರೆದರು. ಸಮಿತಿಗೆ ಕಳಿಸುವ ತಾಂತ್ರಿಕ ಟಿಪ್ಪಣಿ ಮೇಜಿನ ಮೇಲಿತ್ತು. ಅದರಲ್ಲಿ ಮಳೆಯ ನಂತರದ ಕೋಷ್ಟಕ ಮಾತ್ರ.

"ಸರ್, ಮಳೀಗಿಂತ ಮೊದಲಿಂದು ಎಲ್ಲಿ ಹೋತ್ರಿ?"

"ಅನುಬಂಧದಲ್ಲಿ ಹಾಕೋಣ ಕಣಮ್ಮ. ಮೇಲಿನಿಂದ ಫೋನ್ ಬಂದಿದೆ. ನನ್ನ ನಿವೃತ್ತಿಗೆ ಎಷ್ಟು ದಿನ ಇದೆ ಅಂತ ನಿನಗೆ ಗೊತ್ತು."

"ಒಂದನ್ನ ಮುಚ್ಚಿಟ್ಟು ಒಂದನ್ನ ತೋರಿಸಿದ್ರ ಅದು ಸುಳ್ಳಾಗೂದಿಲ್ಲೇನ್ರಿ?"

"ಸುಳ್ಳು ಅಂತ ಯಾಕಂತೀಯ? ಎರಡೂ ನೀನೇ ಮಾಡಿದ ಪರೀಕ್ಷೆ ತಾನೆ?" ಅಷ್ಟು ಹೇಳಿ ದನಿ ತಗ್ಗಿಸಿದರು. "ಊರು ಬಿಟ್ಟು ಇಷ್ಟು ದೂರ ಬಂದಿದ್ದೀವಿ. ಇಲ್ಲಿ ನಮಗೆ ಯಾರಿದ್ದಾರೆ ಹೇಳು? ಸಹಿ ಮಾಡಮ್ಮ."

ಆರು ದಿನ ಮಾಡಲಿಲ್ಲ. ಏಳನೆಯ ದಿನ ಮಾಡಿದೆ. ಬೆದರಿಕೆಯನ್ನು ನನ್ನದೇ ಭಾಷೆಯಲ್ಲಿ, ಮನೆಯವರಂತೆ ಹೇಳಿದ್ದರಿಂದ ಮಾಡಿದೆನೋ, ಸುಮ್ಮನೆ ಹೆದರಿ ಮಾಡಿದೆನೋ, ನನಗೇ ತಿಳಿಯದು. ಅನುಬಂಧ ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡೆ.

ವರದಿಯನ್ನು ಸದನದ ಮುಂದಿಟ್ಟದ್ದು ಕೊನೆಯ ಅಧಿವೇಶನದ ಕೊನೆಯ ದಿನ, ಹತ್ತಾರು ವರದಿಗಳ ಕಟ್ಟಿನೊಳಗೆ. ಚರ್ಚೆ ಆಗಲಿಲ್ಲ. ಕಾರ್ಯದರ್ಶಿಯವರು ನನಗೊಂದು ಪ್ರತಿ ಕಳಿಸಿದ್ದರು. ತೆರೆದರೆ ಪುಟಗಟ್ಟಲೆ ಸದಸ್ಯರ ಪಟ್ಟಿ: ಪ್ರತಿ ಹೆಸರಿನ ಮೇಲೆ ನಕ್ಷತ್ರದ ಗುರುತು, ಪುಟದ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿ. ಇಂಥವರು ರಾಜೀನಾಮೆಯಿಂದ ಸದಸ್ಯರಾಗಿ ಉಳಿಯಲಿಲ್ಲ, ಇಂಥವರು ಮಂತ್ರಿಯಾದ್ದರಿಂದ ಬಿಟ್ಟರು, ಇಂಥವರು ಮತ್ತೆ ಆಯ್ಕೆಯಾಗಿ ಬಂದರು. ನೀರಿನ ವಿಷಯ ಎರಡೂವರೆ ಪುಟ. ಬೆನ್ ಅದರಲ್ಲಿ 'ಓರ್ವ ಸ್ಥಳೀಯ ನಿವಾಸಿ' ಆಗಿದ್ದಳು. ಅನುಬಂಧ ಅಚ್ಚಾಗಿಯೇ ಇರಲಿಲ್ಲ. ಕೋಷ್ಟಕದ ಕೆಳಗೆ ನನ್ನ ಸಹಿ ಮಾತ್ರ ಬಹಳ ಸ್ಪಷ್ಟವಾಗಿ ಬಂದಿತ್ತು.

ಗಂಡನಿಗೆ ತೋರಿಸಿದೆ. ಅವರು ಓದಿ, ಮಡಚಿಟ್ಟು, "ಅವರಿಗೆ ಬೈತಿದ್ದಿ. ನೀ ಯಾಕ ಮಾಡ್ದಿ?" ಎಂದರು. ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಬೇಕಾಗಿಯೂ ಇರಲಿಲ್ಲ. ಅದುವರೆಗೆ ಆ ಶಾಸಕರ ಮೇಲಿದ್ದ ಹೇಸಿಗೆ ನನ್ನ ಮೇಲೂ ಕೂತಿತು. ಇನ್ನೂ ಎದ್ದು ಹೋಗಿಲ್ಲ.

ಭಾನುವಾರ ವಟ್ವಾಕ್ಕೆ ಹೋದೆ. ಬೆನ್ ಹಿಟ್ಟಿನ ಡಬ್ಬಿ ತೊಳೆಯುತ್ತಿದ್ದಳು. ವರದಿಯಲ್ಲಿ ಏನಿದೆ, ಏನಿಲ್ಲ, ಯಾರ ಸಹಿ ಇದೆ, ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ. "ಆ ಭಾಯಿಗಾದರೆ ಕುರ್ಚಿ ಸಿಕ್ಕಿತು. ನಿಮಗೇನು ಸಿಕ್ಕಿತು, ಬೆನ್?" ಎಂದು ಕೇಳಿದಳು. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಪ್ರಶ್ನೆ ಅದು.

ಚುನಾವಣೆ ಬಂತು. ಆ ಶಾಸಕರು ಮತ್ತೆ ಗೆದ್ದರು. ಹೊಸ ಸದನ ಕೂತ ಕೆಲ ತಿಂಗಳಿಗೆ ಅದೇ ಕಾರ್ಯದರ್ಶಿಯ ಫೋನು: ಹೊಸ ಸಮಿತಿ, ವಟ್ವಾ ಭೇಟಿ. ಬೆನ್‌ಗೆ ತಿಳಿಸಿದೆ. "ಬರಲಿ. ನಾನು ಸೂರತ್ತಿನಲ್ಲಿ ತಂಗಿಯ ಮನೆಯಲ್ಲಿರುತ್ತೇನೆ" ಎಂದಳು.

ಸಮಿತಿ ಬಂದಾಗ ಬಾಗಿಲಿಗೆ ಬೀಗವಿತ್ತು. ಮೊದಲ ಸಲ ಗೆದ್ದುಬಂದ ಒಬ್ಬರು, "ಇಲ್ಲಿ ಯಾರಿದ್ದಾರೆ?" ಎಂದು ಕೇಳಿದರು. ನಾನು ಹೇಳತೊಡಗಿದೆ. ನನ್ನ ಅರೆಬರೆ ಗುಜರಾತಿಯಲ್ಲಿ, ಬಾರದ ಕಡೆ ಹಿಂದಿ ಸೇರಿಸಿ. ಕೆಂಪು ನೀರು, ಆಕೆಯ ಕೈ, ಹೊಸ್ತಿಲ ಮೇಲೆ ಅತ್ತವರು, ಆ ಕಡೆಯಿಂದ ಈ ಕಡೆಗೆ ಬಂದವರು, ಮಳೆಗೆ ಮುಂಚಿನ ಕೋಷ್ಟಕ, ಕೊನೆಗೆ ನನ್ನ ಸಹಿ. ಕಾರ್ಯದರ್ಶಿಯ ಪೆನ್ನು ಅಲ್ಲಿ ನಿಂತಿತು.

"ಇದನ್ನೂ ಬರೆಯಬೇಕೇ, ಮೇಡಂ?"

"ಬರೆಯಿರಿ."

ಇಬ್ಬರು ಮೊಬೈಲು ನೋಡುತ್ತಿದ್ದರು. ಒಬ್ಬರು ಆಕಳಿಸಿದರು. ಅಧ್ಯಕ್ಷರು ಊಟದ ಹೊತ್ತಾಯಿತು ಎಂದರು. ಅವರ ವ್ಯಾನು ಹತ್ತಲು ಮನಸ್ಸಾಗದೆ ನಾನು ರಿಕ್ಷಾ ಹಿಡಿದೆ.

ನಾಲ್ಕು ದಿನ ಬಿಟ್ಟು ಬೆನ್ ಫೋನ್ ಮಾಡಿದಳು. ಪಕ್ಕದ ಮನೆಯವರು ಹೇಳಿದ್ದರಂತೆ.

"ನೀವು ಹೇಳಿದಿರಂತೆ?"

"ಹೌದು, ಬೆನ್."

"ಪೂರ್ತಿ?"

"ಪೂರ್ತಿ."

"ಆಯಿತು. ಇನ್ನು ಮೇಲೆ ಯಾರು ಬಂದರೂ ನೀವೇ ಹೇಳಿ. ನನಗೆ ಸಾಕಾಗಿದೆ" ಎಂದು ಫೋನ್ ಇಟ್ಟಳು.